ನೆಲ, ಜಲ ಎಂದು ಕೂಗುವ ಗೆಳೆಯರೇ, ಆ ನೆಲವನ್ನು ಓದುವವರು ಯಾರು?



ನವೆಂಬರ್ ಬಂತೆಂದರೆ ನಾವು ಗಂಟಲು ಕಟ್ಟುವವರೆಗೆ ಕೂಗುವುದು ಮೂರೇ ಮಾತು. ನೆಲ, ಜಲ, ಭಾಷೆ! ಈ ಮೂರು ಮಾತನ್ನು ಕೆಂಪು ಹಳದಿ ಬಣ್ಣದಲ್ಲಿ ಸಾವಿರಗಟ್ಟಲೆ ಕರಪತ್ರಗಳಾಗಿ ಅಚ್ಚು ಹಾಕಿಕೊಡುವುದು ನನ್ನ ಕಸುಬು. ಹಾಸನದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಗಿರಾಕಿಗಳೇ ಹೆಚ್ಚು.

ಭಾಷೆಗಾಗಿ ಮಾತಾಡಲು ನಮ್ಮಲ್ಲಿ ಸಾಹಿತಿಗಳಿದ್ದಾರೆ. ಜಲಕ್ಕಾಗಿ ವಾದಿಸಲು ವಕೀಲರಿದ್ದಾರೆ. ನೆಲಕ್ಕೆ ಯಾರಿದ್ದಾರೆ? ನೆಲ ಎಂದರೆ ನಕ್ಷೆಯ ಮೇಲಿನ ಗಡಿಗೆರೆ ಮಾತ್ರವೇ? ನಿಮ್ಮೂರಿನ ಗುಡ್ಡದ ಕಲ್ಲು ಯಾವುದು, ಅದರ ವಯಸ್ಸೆಷ್ಟು, ಅದರ ಸಂದಿಯಲ್ಲಿ ನೀರಿದೆಯೋ ಇಲ್ಲವೋ, ಎಂದಾದರೂ ಕೇಳಿದ್ದೀರಾ?

ಇದಕ್ಕೆಲ್ಲ ಉತ್ತರ ಕೊಡುವ ವಿದ್ಯೆ ಒಂದಿದೆ. ಪುಸ್ತಕದ ಕನ್ನಡದಲ್ಲಿ ಭೂವಿಜ್ಞಾನ, ಕಾಲೇಜು ಹುಡುಗರ ಬಾಯಲ್ಲಿ ಜಿಯಾಲಜಿ. ಅದನ್ನು ಎಂ.ಎಸ್ಸಿ.ವರೆಗೆ ಓದಿ, ಅದರಿಂದ ಸಿಗುವ ಕೆಲಸಗಳನ್ನು ಹಿಡಿಯಿರಿ, ತಿಳಿದದ್ದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳುವುದಕ್ಕೇ ಈ ಬರಹ. ಪಿಯುಸಿಗೆ ಓದು ನಿಲ್ಲಿಸಿದ ಪ್ರೆಸ್ಸಿನವನಿಗೆ ಇದೆಲ್ಲ ಯಾಕೆ ಎನ್ನಬೇಡಿ. ಯಾಕೆಂದು ಹೇಳುತ್ತೇನೆ, ಕೇಳಿ.

ನಮ್ಮ ಕಾಲ ಕೆಳಗಿನ ಸಿರಿ

ಹಾಸನ ತಾಲ್ಲೂಕಿನ ಗೊರೂರನ್ನು ನೀವು ಹೇಮಾವತಿ ಅಣೆಕಟ್ಟೆಯಿಂದ ಬಲ್ಲಿರಿ, ಗೊರೂರು ರಾಮಸ್ವಾಮಿ ಅಯ್ಯಂಗಾರರಿಂದ ಬಲ್ಲಿರಿ. ಹೊರದೇಶದ ಭೂವಿಜ್ಞಾನಿಗಳು ಅದೇ ಊರನ್ನು ‘ಗೊರೂರು ನೈಸ್’ ಎಂಬ ಕಲ್ಲಿನಿಂದ ಬಲ್ಲರು. ಸುಮಾರು 330 ಕೋಟಿ ವರ್ಷದ ಕಲ್ಲು! ಭೂಮಿ ತಾಯಿಯ ವಯಸ್ಸೇ ಸುಮಾರು 454 ಕೋಟಿ ವರ್ಷ. ಹಿಮಾಲಯ ತಲೆ ಎತ್ತತೊಡಗಿ ಸುಮಾರು 5 ಕೋಟಿ ವರ್ಷ. ಲೆಕ್ಕ ಹಾಕಿ ನೋಡಿ, ಹಿರಿಯ ಯಾರು, ಕಿರಿಯ ಯಾರು ಎಂದು.

ಹೊಳೆನರಸೀಪುರಕ್ಕೆ ಬನ್ನಿ. ‘ಹೊಳೆನರಸೀಪುರ ಶಿಸ್ಟ್ ಪಟ್ಟಿ’ ಎಂಬ ಹೆಸರಿನಲ್ಲಿ ಭೂವಿಜ್ಞಾನದ ಪತ್ರಿಕೆಗಳಲ್ಲಿ ಪ್ರಬಂಧದ ಮೇಲೆ ಪ್ರಬಂಧ ಬಂದಿದೆ. 300 ಕೋಟಿ ವರ್ಷಕ್ಕೂ ಹಿಂದಿನ ಲಾವಾ ಮತ್ತು ಕೆಸರು, ಭೂಮಿಯ ಒಳಗಿನ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಪದರು ಪದರಾದ ಕಲ್ಲು ಅದು. ಅದರಲ್ಲಿ ಕಯನೈಟ್, ಸ್ಟಾರೊಲೈಟ್ ಹರಳುಗಳಿವೆ. ಸಾಣೆಗೆ ಬಳಸುವ ಕುರುಂದದ ಕಲ್ಲಿದೆ, ಕಲ್ಲುನಾರು ಇದೆ.

ಚನ್ನರಾಯಪಟ್ಟಣದ ನುಗ್ಗೇಹಳ್ಳಿಯಲ್ಲಿ 1246ರ ಹೊಯ್ಸಳ ದೇವಾಲಯವಿದೆ. ಅದೇ ನುಗ್ಗೇಹಳ್ಳಿಯ ಹೆಸರಿನಲ್ಲಿ ಇನ್ನೊಂದು ಶಿಸ್ಟ್ ಪಟ್ಟಿಯಿದೆ. ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾದ ಕ್ರೋಮಿಯಂ ಬರುವುದು ಕ್ರೋಮೈಟ್ ಎಂಬ ಅದಿರಿನಿಂದ. ಆ ಪಟ್ಟಿಯ ಬೈರಾಪುರದಲ್ಲಿ ಸರ್ಕಾರದ್ದೇ ಆದ ಮೈಸೂರು ಮಿನರಲ್ಸ್ ಕಂಪನಿ ಆ ಅದಿರಿನ ಗಣಿ ನಡೆಸಿತ್ತು. ತಗಡೂರಿನ ಕಡೆ ವೆನೇಡಿಯಂ ಬೆರೆತ ಕಬ್ಬಿಣದ ಅದಿರಿದೆ. ಇನ್ನು ಅದೇ ತಾಲ್ಲೂಕಿನ ಶ್ರವಣಬೆಳಗೊಳ! ಬೆಟ್ಟದ ಕಲ್ಲಿನಲ್ಲೇ ಕಡೆದ ಸುಮಾರು 58 ಅಡಿಯ ಗೊಮ್ಮಟ ಹತ್ತು ಶತಮಾನ ದಾಟಿ ಮಳೆ ಬಿಸಿಲಿಗೆ ನಿಂತಿದ್ದಾನೆ. ಬೇಲೂರು ಹಳೇಬೀಡಿನ ಶಿಲ್ಪಿಗಳು ಗಟ್ಟಿ ಕಲ್ಲು ಬಿಟ್ಟು ಬಳಪದ ಕಲ್ಲನ್ನು ಆರಿಸಿದ್ದು ಏಕೆ? ಅದು ಮೆತ್ತಗೆ ಕೆತ್ತನೆಗೆ ಒಗ್ಗುತ್ತದೆ, ಸಣ್ಣ ಕುಸುರಿಯೂ ನಿಲ್ಲುತ್ತದೆ. ಯಾವ ಕಲ್ಲು ಯಾವುದಕ್ಕೆ ಎಂದು ಬಲ್ಲವರು ಅವರು. ಡಿಗ್ರಿ ಇಲ್ಲದ ಜಿಯಾಲಜಿಸ್ಟರು!

ಕನ್ನಡಕ್ಕೂ ಕಲ್ಲಿಗೂ ಇರುವ ನಂಟು ಇಂದಿನದಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕಿದ್ದು ನಮ್ಮದೇ ಜಿಲ್ಲೆಯ ಹಲ್ಮಿಡಿಯಲ್ಲಿ, ಕಲ್ಲಿನ ಮೇಲೆ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಸುಣ್ಣಕಲ್ಲಿನ ಹಲಗೆಯ ಮೇಲೆ. ನಮ್ಮ ಪ್ರೆಸ್ಸಿನ ಆಫ್‌ಸೆಟ್ ಯಂತ್ರ ಆ ಕಲ್ಲಚ್ಚಿನ ಮೊಮ್ಮಗ.

ಕಲ್ಲಿನ ಮೇಲೆ ಕನ್ನಡ ಬರೆದ ಜನ ನಾವು. ಕಲ್ಲಿನ ಬಗ್ಗೆ ಕನ್ನಡದಲ್ಲಿ ಎಷ್ಟು ಬರೆದಿದ್ದೇವೆ?

ನಮ್ಮೂರಿನ ವರದಿ ನಮಗೇ ತಿಳಿಯದು

ಒಂದು ಸಂಗತಿ ಹೇಳುತ್ತೇನೆ. ಅರಕಲಗೂಡು ಕಡೆಯ ಹುಡುಗನೊಬ್ಬ ಎಂ.ಎಸ್ಸಿ. ಜಿಯಾಲಜಿ ಪ್ರಬಂಧವನ್ನು ಬೈಂಡಿಂಗ್ ಮಾಡಿಸಲು ತಂದಿದ್ದ. ಜೊತೆಯಲ್ಲಿ ಅವನ ತಂದೆ ಬಂದಿದ್ದರು. ಪ್ರಬಂಧ ಅವರದೇ ಊರಿನ ಸುತ್ತಲಿನ ಅಂತರ್ಜಲದ ಮೇಲೆ. ತಂದೆ ಹಾಳೆ ತಿರುವಿ ತಿರುವಿ ನೋಡಿದರು. ತಮ್ಮೂರಿನ ನಕ್ಷೆ ಗುರುತು ಸಿಕ್ಕಿತು, ಒಂದಕ್ಷರವೂ ತಿಳಿಯಲಿಲ್ಲ. ‘ನಮ್ಮೂರ ಬಗ್ಗೆ ಏನಂತೆ ಸ್ವಾಮಿ ಬರೆದಿರೋದು?’ ಎಂದು ನನ್ನನ್ನು ಕೇಳಿದರು. ಹುಡುಗ ಅಲ್ಲೇ ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಿದ. ತಂದೆ ಕೇಳುತ್ತ ಕೇಳುತ್ತ, ಯಾವ ಕಡೆಯ ಬಾವಿ ಬೇಸಗೆಯಲ್ಲೂ ಬತ್ತುವುದಿಲ್ಲ, ಯಾವ ಹೊಲದಲ್ಲಿ ಎರಡು ಗುದ್ದಲಿಗೆ ಕಗ್ಗಲ್ಲು ಸಿಗುತ್ತದೆ ಎಂದು ತಾವೇ ಸೇರಿಸಿದರು. ಹುಡುಗ ಪೆನ್ನು ತೆಗೆದು ಬರೆದುಕೊಂಡ! ಪ್ರಬಂಧ ಮುಗಿದ ಮೇಲೆ ಸಿಕ್ಕ ವಿಷಯ ಅದು. ಮೊದಲೇ ಕನ್ನಡದಲ್ಲಿ ಕೇಳಿದ್ದರೆ ಪ್ರಬಂಧದೊಳಗೇ ಸೇರುತ್ತಿತ್ತು.

ದೊಡ್ಡ ಮಟ್ಟದಲ್ಲೂ ಇದೇ ಕಥೆ. ಹಾಸನ ಜಿಲ್ಲೆಯ ಅಂತರ್ಜಲದ ಬಗ್ಗೆ ಕೇಂದ್ರ ಅಂತರ್ಜಲ ಮಂಡಳಿಯ ಕಿರುಪುಸ್ತಕವಿದೆ, ಇಂಗ್ಲಿಷಿನಲ್ಲಿ. ನುಗ್ಗೇಹಳ್ಳಿಯ ಕ್ರೋಮೈಟ್ ಗಣಿಗಳ ಸುತ್ತಲ ಮಣ್ಣಿನಲ್ಲಿ ಯಾವ ಯಾವ ಭಾರಲೋಹ ಎಷ್ಟೆಷ್ಟಿದೆ ಎಂದು ವಿಜ್ಞಾನಿಗಳು ಪರೀಕ್ಷಿಸಿ ಪ್ರಬಂಧ ಪ್ರಕಟಿಸಿದ್ದಾರೆ, ಅದೂ ಇಂಗ್ಲಿಷಿನಲ್ಲಿ. ಆ ಮಣ್ಣಿನಲ್ಲಿ ರಾಗಿ ಬೆಳೆಯುವವನಿಗೆ ಅದನ್ನು ಓದಿ ಹೇಳಿದವರು ಯಾರು?

2022ರ ಜೂನ್ 23 ನೆನಪಿದೆಯೇ? ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನ ಮಲುಗನಹಳ್ಳಿಯ ಬಳಿ 3.4 ತೀವ್ರತೆಯ ಭೂಕಂಪವಾಯಿತು. ಅಕ್ಕಪಕ್ಕದ ತಾಲ್ಲೂಕುಗಳಲ್ಲೂ, ಕೊಡಗಿನಲ್ಲೂ ಜನ ಎದ್ದು ಹೊರಗೆ ಬಂದರು. ಆ ದಿನ ನನ್ನ ಪ್ರೆಸ್ಸಿಗೆ ಬಂದವರೆಲ್ಲ ಮಾತಾಡಿದ್ದು ಗ್ರಹಗತಿ, ಅಪಶಕುನ, ಅಣೆಕಟ್ಟೆ ಒಡೆಯುವ ಗಾಳಿಸುದ್ದಿ. 3.4 ಎಂದರೆ ಸಣ್ಣ ನಡುಕ, ನಮ್ಮದು ಹಳೆಯ ಗಟ್ಟಿ ನೆಲ, ಆದರೂ ಹಳೆಯ ಬಿರುಕುಗಳಲ್ಲಿ ಕೂಡಿಟ್ಟ ಒತ್ತಡ ಆಗಾಗ ಬಿಡುಗಡೆಯಾಗುತ್ತದೆ ಎಂದು ಊರ ಅರಳಿಕಟ್ಟೆಯಲ್ಲಿ ನಿಂತು ಕನ್ನಡದಲ್ಲಿ ಹೇಳುವ ಒಬ್ಬ ಹುಡುಗ, ಒಬ್ಬ ಹುಡುಗಿ ತಾಲ್ಲೂಕಿಗೊಬ್ಬರಂತೆ ಇದ್ದಿದ್ದರೆ?

ಪಾಯಿಂಟ್ ಹಾಕುವವರ ಕಾಲ

ನಾನು ಅಚ್ಚು ಹಾಕುವ ಬಿಲ್ ಪುಸ್ತಕಗಳಲ್ಲಿ ಬೋರ್‌ವೆಲ್ ಲಾರಿಗಳದ್ದು ಒಂದು ದೊಡ್ಡ ಪಾಲು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು, ಬೇವಿನ ಕವಲು ಹಿಡಿದು ‘ಪಾಯಿಂಟ್’ ಹಾಕುವವರ ವಿಸಿಟಿಂಗ್ ಕಾರ್ಡನ್ನೂ ಅಚ್ಚು ಹಾಕಿದ್ದೇನೆ. ಇಷ್ಟು ವರ್ಷದಲ್ಲಿ ‘ಭೂವಿಜ್ಞಾನಿ’ ಎಂದು ಹಾಕಿಸಿಕೊಂಡ ಕಾರ್ಡು ನನ್ನ ಯಂತ್ರದಿಂದ ಒಂದೂ ಹೊರಬಂದಿಲ್ಲ.

ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಮಗಳ ಲಗ್ನಪತ್ರಿಕೆಗೆ ಅಡ್ವಾನ್ಸ್ ಕೊಟ್ಟು ಹೋಗಿದ್ದರು. ಹದಿನೈದು ದಿನದ ಮೇಲೆ ಬಂದು ‘ಸ್ವಲ್ಪ ತಡೀರಿ, ಎರಡನೇ ಬೋರೂ ಹೋಯ್ತು’ ಎಂದರು. ತೋಟ ಉಳಿಸಿಕೊಳ್ಳಲು ಹೋಗಿ ಮದುವೆಯ ದುಡ್ಡು ನೆಲದೊಳಗೆ ಇಳಿದಿತ್ತು. ಇಂಥದ್ದು ನಮ್ಮ ಸೀಮೆಯ ಯಾವ ಹಳ್ಳಿಯಲ್ಲಿ ಇಲ್ಲ ಹೇಳಿ.

ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ನೀರು ಹೊಳೆಯ ಹಾಗೆ ಹರಿಯುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಬಿರುಕು ತಪ್ಪಿದರೆ ಸಾವಿರ ಅಡಿ ಕೊರೆದರೂ ಬರುವುದು ಬಿಳಿ ಪುಡಿಯೇ. ಜಿಯಾಲಜಿ ಓದಿದವನು ಮೊದಲು ನೆಲದ ಇಳಿಜಾರು ನೋಡುತ್ತಾನೆ, ಕಲ್ಲಿನ ಬಿರುಕು ಯಾವ ದಿಕ್ಕಿಗಿದೆ ನೋಡುತ್ತಾನೆ, ಉಪಗ್ರಹದ ಚಿತ್ರ ನೋಡುತ್ತಾನೆ. ಆಮೇಲೆ ನಾಲ್ಕು ಕಬ್ಬಿಣದ ಗೂಟ ನೆಟ್ಟು, ಹೊರಗಿನ ಎರಡರಿಂದ ವಿದ್ಯುತ್ ಹಾಯಿಸಿ, ಒಳಗಿನ ಎರಡರಲ್ಲಿ ಅಳೆಯುತ್ತಾನೆ. ನೀರು ಕುಡಿದ ಕೊಳೆತ ಕಲ್ಲು ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ, ಒಣಗಿದ ಇಡಿಗಲ್ಲು ತಡೆಯುತ್ತದೆ. ಇದರಲ್ಲಿ ನೂರಕ್ಕೆ ನೂರು ಗ್ಯಾರಂಟಿ ಯಾರೂ ಕೊಡಲಾರರು. ಆದರೆ ‘ಇಲ್ಲಿ ಕೊರೆಯಬೇಡಿ, ದುಡ್ಡು ದಂಡ’ ಎಂದು ಕಾರಣ ಕೊಟ್ಟು ಹೇಳಬಲ್ಲ. ಒಬ್ಬ ರೈತನಿಗೆ ಆ ಒಂದು ಮಾತಿನ ಬೆಲೆ ಎಷ್ಟು ಲಕ್ಷ!

ಹೊಟ್ಟೆಗೆ ಹಿಟ್ಟು ಸಿಗುತ್ತದೆಯೇ?

‘ಕಲ್ಲು ಓದಿ ಏನು ಮಾಡ್ತೀಯೋ?’ ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಯಿರಿ ಎಂದು ನಾನೂ ಹೇಳುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಬಿ.ಎಸ್ಸಿ. ಒಂದರಿಂದಲೇ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಎಂ.ಎಸ್ಸಿ. ಬೇಕೇ ಬೇಕು. ಹೊರರಾಜ್ಯದ ಬಾಗಿಲು ಬಡಿಯುವ ಅಗತ್ಯವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಬೆಂಗಳೂರಿನಲ್ಲಿ, ಧಾರವಾಡದಲ್ಲಿ, ಕಲಬುರಗಿಯಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ವಿಭಾಗಗಳಿವೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನವಿದೆ. ಪಿಯು ಮಂಡಳಿಯ ವಿಷಯಪಟ್ಟಿಯಲ್ಲೇ ಭೂವಿಜ್ಞಾನ ಇದೆ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಓದುವಾಗ ನನಗೂ ಯಾರೂ ಹೇಳಲಿಲ್ಲ.

ಎಂ.ಎಸ್ಸಿ. ಆದ ಮೇಲೆ ದೊಡ್ಡ ಬಾಗಿಲು ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ. 1851ರಲ್ಲಿ ಶುರುವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ, ಕೇಂದ್ರ ಅಂತರ್ಜಲ ಮಂಡಳಿಗೆ ಅಧಿಕಾರಿಗಳನ್ನು ಆರಿಸುವುದು ಇದರಿಂದಲೇ. ವಯಸ್ಸು 21ರಿಂದ 32, ಮೀಸಲಾತಿ ಇದ್ದವರಿಗೆ ಸಡಿಲಿಕೆ ಉಂಟು. ಪ್ರಿಲಿಮಿನರಿಗೆ 400 ಅಂಕ, ಮೇನ್ಸ್‌ಗೆ 600, ಸಂದರ್ಶನಕ್ಕೆ 200. ಗೆದ್ದರೆ ಗ್ರೂಪ್ ‘ಎ’ ಅಧಿಕಾರಿ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಆರಂಭದ ಮೂಲ ವೇತನವೇ 56,100 ರೂಪಾಯಿ, ಭತ್ಯೆ ಬೇರೆ. ದೇಶದ ಯಾವ ಮೂಲೆಗೆ ಬೇಕಾದರೂ ಹಾಕುತ್ತಾರೆ, ಹೋಗಬೇಕು.

ಆದರೆ ಹುದ್ದೆಯ ಸಂಖ್ಯೆ ನೋಡಿ. 2023ರ ಪರೀಕ್ಷೆಗೆ ಕರೆದದ್ದು 285. 2024ರ ಪರೀಕ್ಷೆಗೆ 56! ಇಡೀ ದೇಶಕ್ಕೆ, ಭೂಭೌತವಿಜ್ಞಾನಿ, ರಸಾಯನವಿಜ್ಞಾನಿ ಎಲ್ಲ ಸೇರಿ. ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ. ಗೇಟ್ ಪರೀಕ್ಷೆಯನ್ನೂ ಬರೆಯಿರಿ. ಅದರ ಅಂಕ ನೋಡಿ ಕರೆಯುವ ಸಾರ್ವಜನಿಕ ಕಂಪನಿಗಳುಂಟು. ಸಿಎಸ್‌ಐಆರ್ ನೆಟ್ ಬರೆದರೆ ಸಂಶೋಧನೆ, ಕಾಲೇಜು ಪಾಠದ ದಾರಿ ತೆರೆಯುತ್ತದೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿದೆ. ಮೈಸೂರು ಸಂಸ್ಥಾನ 1894ರಲ್ಲೇ ಕಟ್ಟಿದ ಇಲಾಖೆ ಅದು! ಅಂತರ್ಜಲ ನಿರ್ದೇಶನಾಲಯವಿದೆ. ಅಲ್ಲಿ ವರ್ಷ ವರ್ಷ ಕರೆಯುವುದಿಲ್ಲ, ಕರೆದಾಗ ತಯಾರಾಗಿರಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ರಾಯಚೂರಿನ ಹಟ್ಟಿ ನಡೆಯುತ್ತಿದೆ. ಬಳ್ಳಾರಿ, ಸಂಡೂರಿನ ಕಬ್ಬಿಣದ ಗಣಿಗಳಿವೆ. ಜಲ್ಲಿ ಕ್ರಷರುಗಳಿಗೆ, ಕ್ವಾರಿಗಳಿಗೆ ಯೋಜನೆ ಬರೆದುಕೊಡುವವರು ಬೇಕು. ಮೆಟ್ರೊ ಸುರಂಗಕ್ಕೆ, ಘಟ್ಟದ ರಸ್ತೆಗೆ ಕಲ್ಲಿನ ಗುಣ ಹೇಳುವವರು ಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂದು ಬಿತ್ತು. ನಮ್ಮ ಸಕಲೇಶಪುರದ ದೋಣಿಗಾಲ್‌ನಲ್ಲಿ ರಸ್ತೆ ಕುಸಿದದ್ದು ನಿಮಗೇ ಗೊತ್ತು. ಗುಡ್ಡವನ್ನು ನೇರ ಕತ್ತರಿಸುವ ಮೊದಲು ಕೇಳಬೇಕಾದ ಮಾತು ಜಿಯಾಲಜಿಸ್ಟನದು.

ತಂಗಿಯರೇ, ಇದು ಗಂಡಸರ ವಿದ್ಯೆ ಎಂದು ದೂರ ನಿಲ್ಲಬೇಡಿ. ಗಣಿಯ ಒಳಗೆ ಹೆಂಗಸರು ಕೆಲಸ ಮಾಡುವಂತಿಲ್ಲ ಎಂಬ ಹಳೆಯ ಕಾನೂನನ್ನು ಕೇಂದ್ರ 2019ರಲ್ಲಿ ಸಡಿಲಿಸಿ, ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಕೆಲಸಕ್ಕೆ ಹಗಲಿನ ಪಾಳಿಯಲ್ಲಿ ಇಳಿಯಲು ಅವಕಾಶ ಕೊಟ್ಟಿತು. ಇನ್ನು ಗೊಡ್ಡು ನೆಪ ಹೇಳುವವರ ಬಾಯಿ ಮುಚ್ಚಿಸಿ.

ಪರೀಕ್ಷೆಯಲ್ಲಿ ಕನ್ನಡ ಎಲ್ಲಿ?

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಐಎಎಸ್ ಪರೀಕ್ಷೆಯ ಮೇನ್ಸನ್ನು ಕನ್ನಡದಲ್ಲಿ ಬರೆಯಬಹುದು. ಅದೇ ಯುಪಿಎಸ್‌ಸಿ ನಡೆಸುವ ಜಿಯೋ ಸೈಂಟಿಸ್ಟ್ ಮೇನ್ಸನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಗೇಟ್ ಇಂಗ್ಲಿಷಿನಲ್ಲಿ. ಸಿಎಸ್‌ಐಆರ್ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿಗೆ ಆಗುವುದು ಕನ್ನಡಕ್ಕೆ ಏಕೆ ಆಗದು? ಗೊರೂರಿನ ಕಲ್ಲಿನ ಮೇಲೆ ಪ್ರಶ್ನೆ ಕೇಳಬಹುದು, ಗೊರೂರಿನ ಹುಡುಗ ತನ್ನ ಭಾಷೆಯಲ್ಲಿ ಉತ್ತರ ಬರೆಯಬಾರದು! ಇದೆಂಥ ನ್ಯಾಯ?

‘ಕನ್ನಡದಲ್ಲಿ ಪದಗಳೇ ಇಲ್ಲ’ ಎನ್ನುವ ಮೇಧಾವಿಗಳಿದ್ದಾರೆ. ಅವರನ್ನು ನಮ್ಮ ಹಳ್ಳಿಗೆ ಕಳಿಸಿ. ಕ್ವಾರ್ಟ್ಸ್‌ಗೆ ಬೆಣಚುಕಲ್ಲು. ಮೈಕಾಕ್ಕೆ ಕಾಗೆಬಂಗಾರ. ಸೋಪ್‌ಸ್ಟೋನಿಗೆ ಬಳಪ. ಆಸ್ಬೆಸ್ಟಾಸ್‌ಗೆ ಕಲ್ಲುನಾರು. ಲ್ಯಾಟರೈಟಿಗೆ ಜಂಬಿಟ್ಟಿಗೆ. ಈ ಪದಗಳನ್ನು ವಿಶ್ವವಿದ್ಯಾನಿಲಯ ಕೊಟ್ಟದ್ದಲ್ಲ, ಕಲ್ಲು ಒಡೆಯುವವರು, ಬಾವಿ ತೋಡುವವರು ಕೊಟ್ಟದ್ದು. ಹೊಸದಕ್ಕೆ ನೈಸ್, ಕ್ರೋಮೈಟ್ ಎಂದೇ ಕನ್ನಡದಲ್ಲಿ ಬರೆದರಾಯಿತು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಬಿ.ಪಿ. ರಾಧಾಕೃಷ್ಣ ಅವರು ಜಗತ್ತು ಮೆಚ್ಚಿದ ವಿಜ್ಞಾನಿ, 1991ರಲ್ಲಿ ಪದ್ಮಶ್ರೀ ಪಡೆದವರು. ಅವರು ಕನ್ನಡದಲ್ಲೂ ಬರೆದರು. ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದುಡಿದ ಟಿ.ಆರ್. ಅನಂತರಾಮು ಅವರು ಪುಸ್ತಕದ ಮೇಲೆ ಪುಸ್ತಕವನ್ನು ಕನ್ನಡದಲ್ಲೇ ಕೊಟ್ಟರು. ದಾರಿ ಹಾಕಿದವರಿದ್ದಾರೆ. ನಡೆಯುವವರು ಸಾಲದು.

ಕೇಳಿದರೆ ಸಿಗುವುದಿಲ್ಲ ಎಂದು ಕೈಚೆಲ್ಲಬೇಡಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಇಂಗ್ಲಿಷ್, ಹಿಂದಿ ಎರಡರಲ್ಲೇ ಇತ್ತು. 2024ರಿಂದ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬಂತು. ಕಾನ್‌ಸ್ಟೆಬಲ್ಲಿಗೆ ಸಿಕ್ಕ ನ್ಯಾಯ ಭೂವಿಜ್ಞಾನಿಗೂ ಸಿಗಬೇಕು. ನಮ್ಮ ಸಂಘಟನೆಗಳು ಮನವಿ ಕೊಡಲಿ, ಸಂಸದರ ಮನೆ ಬಾಗಿಲು ತಟ್ಟಲಿ. ಕೇಂದ್ರದ ಕಚೇರಿಗಳು ಜಿಲ್ಲೆಯ ಭೂವರದಿ, ಅಂತರ್ಜಲ ವರದಿಗಳನ್ನು ಕನ್ನಡದಲ್ಲೂ ಹೊರತಂದು ಪ್ರತಿ ಗ್ರಾಮ ಪಂಚಾಯಿತಿಗೆ ಕಳಿಸಬೇಕೆಂದು ಪಟ್ಟು ಹಿಡಿಯಲಿ.

ಆದರೆ ಗೆಳೆಯರೇ, ಕನ್ನಡದ ಪ್ರಶ್ನೆಪತ್ರಿಕೆ ಬರಲಿ, ಆಮೇಲೆ ಓದುತ್ತೇನೆ ಎಂದು ಯಾರೂ ಕೂರಬೇಡಿ. ಹೋರಾಟಕ್ಕೆ ಹತ್ತು ವರ್ಷ ಹಿಡಿಯಬಹುದು, ನಿಮ್ಮ ವಯೋಮಿತಿ ಕಾಯುವುದಿಲ್ಲ. ಇಂಗ್ಲಿಷನ್ನು ಸುತ್ತಿಗೆಯಂತೆ ಕೈಗೆ ತೆಗೆದುಕೊಳ್ಳಿ, ಕೆಲಸ ಮಾಡಿಸಿಕೊಳ್ಳಿ. ಕೆಲಸ ಸಿಕ್ಕ ಮೇಲೆ ಕನ್ನಡವನ್ನು ಮರೆತವನು ಮಾತ್ರ ನಮ್ಮವನಲ್ಲ. ನಿಮ್ಮ ಪ್ರಬಂಧದ ಜೊತೆ ಹತ್ತು ಪುಟದ ಕನ್ನಡ ಸಾರಾಂಶ ಬರೆಯಿರಿ. ಯಾವ ಊರಿನ ಕಲ್ಲು ಒಡೆದಿರೋ, ಯಾವ ಬಾವಿಯ ನೀರು ಅಳೆದಿರೋ, ಆ ಊರಿನ ಪಂಚಾಯಿತಿಗೆ ಅದರ ಪ್ರತಿ ಕೊಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಯಾವ ಹಳ್ಳಿಯ ಬಗ್ಗೆ ಬರೆದು ತಂದರೂ ಮೊದಲ ನೂರು ಪ್ರತಿಗೆ ಕಾಗದ, ಶಾಯಿ, ಕೂಲಿ ನನ್ನದು.

ಮುಂದಿನ ದಾಖಲಾತಿ ಶುರುವಾದಾಗ ಕಾಲೇಜಿಗೆ ಹೋಗಿ ಕೇಳಿ: ‘ಜಿಯಾಲಜಿ ಇದೆಯೇ?’ ಇಲ್ಲ ಎಂದರೆ ‘ಯಾಕಿಲ್ಲ?’ ಎಂದು ಕೇಳಿ. ಹತ್ತು ಜನ ಒಟ್ಟಿಗೆ ಕೇಳಿ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿರುವ ಅಣ್ಣ ಅಕ್ಕಂದಿರಿದ್ದರೆ ಈ ಪತ್ರಿಕೆಯನ್ನು ಅವರ ಕೈಗಿಡಿ, ಯುಪಿಎಸ್‌ಸಿ ಪ್ರಕಟಣೆ ಹೊರಟ ದಿನವೇ ಅರ್ಜಿ ಹಾಕಿಸಿ.

ಸಿರಿಗನ್ನಡಂ ಗೆಲ್ಗೆ!